ಎರಡು ಪಿನ್ನುಗಳು ಮತ್ತು ಒಂದು ಗಡಿ: ಕೇಂದ್ರ ಗೃಹ ಸಚಿವಾಲಯಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಗೃಹ ಸಚಿವಾಲಯ, ಭಾರತ ಸರ್ಕಾರ, ನವದೆಹಲಿ

ಪ್ರತಿ: ವಿದೇಶ ವ್ಯಾಪಾರ ಮಹಾನಿರ್ದೇಶಕರಿಗೆ ಹಾಗೂ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯ ಅಧ್ಯಕ್ಷರಿಗೆ

ವಿಷಯ: ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ಕೋವಿಗಳ ಬಿಡಿಭಾಗಗಳನ್ನು ವಿದೇಶದಿಂದ ತರುವ ನಿಯಮಗಳಲ್ಲಿನ ಅಸ್ಪಷ್ಟತೆಯ ಬಗ್ಗೆ

ಮಾನ್ಯರೇ,

ಕಳೆದ ವರ್ಷ ಕೊಡವರ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆಂದು ಇಂಗ್ಲೆಂಡಿನಿಂದ ಊರಿಗೆ ಬಂದ ನನ್ನ ಅಕ್ಕನ ಮಗ ಸೂಟ್‌ಕೇಸಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಇಟ್ಟುಕೊಂಡಿದ್ದ. ಅದರಲ್ಲಿದ್ದದ್ದು ಎರಡು ಉಕ್ಕಿನ ತುಂಡುಗಳು. ಒಂದೊಂದೂ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗೆ, ಗುಂಡಗೆ, ನುಣ್ಣಗೆ. ನಮ್ಮ ಮನೆಯ ಜೋಡು ನಳಿಗೆಯ ತೋಟಾ ಕೋವಿಯಲ್ಲಿ ತೋಟಾಕ್ಕೆ ಗುದ್ದಿ ಗುಂಡು ಹಾರಿಸುವ ಫೈರಿಂಗ್ ಪಿನ್ನುಗಳವು. ಮುಚ್ಚಿಟ್ಟು ತರಬೇಡ, ಕೆಂಪು ದಾರಿಯಲ್ಲೇ ಹೋಗಿ ಘೋಷಿಸು ಎಂದು ನಾನೇ ಹೇಳಿದ್ದೆ. ಅವನು ಹಾಗೆಯೇ ಮಾಡಿದ. ಕೌಂಟರಿನಲ್ಲಿದ್ದ ಅಧಿಕಾರಿ ಪೊಟ್ಟಣ ಬಿಚ್ಚಿ, ಪಿನ್ನನ್ನು ಅಂಗೈಯ ಮೇಲೆ ಉರುಳಿಸಿ ನೋಡಿ, ಇದು ಯಾವ ಯಂತ್ರದ್ದು ಎಂದು ಕೇಳಿದರಂತೆ. ಕೋವಿಯದು ಎಂಬ ಉತ್ತರ ಬಂದದ್ದೇ ತಡ, ಪಿನ್ನು ಮೇಜಿನ ಮೇಲಿಳಿಯಿತು, ಫೋನು ಕೈಗೆ ಬಂತು. ಮುಂದಿನ ಮೂರೂವರೆ ಗಂಟೆಯಲ್ಲಿ ಮೂವರು ಹಿರಿಯ ಅಧಿಕಾರಿಗಳು ಬಂದು ಹೋದರು. "ಮಾವ, ಪಿನ್ನನ್ನು ಇಟ್ಟುಕೊಳ್ಳುತ್ತಾರೋ ನನ್ನನ್ನೇ ಇಟ್ಟುಕೊಳ್ಳುತ್ತಾರೋ ಗೊತ್ತಾಗುತ್ತಿಲ್ಲ" ಎಂದು ಹುಡುಗ ಅಲ್ಲಿಂದಲೇ ಫೋನು ಮಾಡಿದ. ಕೊನೆಗೆ "ಬಂದೂಕಿನ ಭಾಗ, ಎರಡು" ಎಂದು ರಸೀದಿ ಬರೆದು, ಪಿನ್ನುಗಳನ್ನು ತಡೆಹಿಡಿದು, ಅವನನ್ನು ಹೊರಗೆ ಬಿಟ್ಟರು.

ಅಧಿಕಾರಿಗಳ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವರು ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ಮೂವರಲ್ಲಿ ಒಬ್ಬರು ಇದಕ್ಕೆ ಗೃಹ ಸಚಿವಾಲಯದ ಪರವಾನಗಿ ಬೇಕೆಂದರು, ಒಬ್ಬರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ಪರವಾನಗಿ ಬೇಕೆಂದರು, ಮೂರನೆಯವರು ಇದು ಬರೀ ಕಬ್ಬಿಣದ ಸಾಮಾನಲ್ಲವೇ ಎಂದರು. ಮೂವತ್ತು ವರ್ಷ ವಕೀಲಿ ಮಾಡಿ ಈಗ ಕಾಫಿ ತೋಟ ನೋಡಿಕೊಂಡಿರುವ ನಾನು ಕಾನೂನು ಪುಸ್ತಕಗಳನ್ನು ಮತ್ತೆ ಕೆಳಗಿಳಿಸಿ ಓದಿದಾಗ, ಮೂರು ಮಾತಿಗೂ ಒಂದಲ್ಲ ಒಂದು ಆಧಾರ ಅಲ್ಲೇ ಇರುವುದು ಕಂಡಿತು. ನನ್ನ ತಕರಾರು ಇರುವುದು ಈ ಸ್ಥಿತಿಯ ಬಗ್ಗೆ.

ಆ ಪಿನ್ನು ಯಾಕೆ ಬೇಕಿತ್ತು ಎಂಬುದನ್ನೂ ಹೇಳಬೇಕು. ನನ್ನ ಅಜ್ಜನ ಕಾಲದ ಆ ಕೋವಿ ಬರ್ಮಿಂಗ್‌ಹ್ಯಾಂನಲ್ಲಿ ತಯಾರಾದದ್ದು, ಹನ್ನೆರಡು ಬೋರಿನದು. ಮೂರು ವರ್ಷದ ಹಿಂದೆ ಬಲ ನಳಿಗೆಯ ಪಿನ್ನಿನ ತುದಿ ಮುರಿಯಿತು. ಲೇತಿನಲ್ಲಿ ಕೊರೆಸಿಕೊಂಡರಾಯಿತು, ಅರ್ಧ ಗಂಟೆಯ ಕೆಲಸ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಕೋವಿ ಬಲ್ಲವರಿಗೆ ಅದರ ಅಪಾಯ ಗೊತ್ತು. ಪಿನ್ನಿನ ತುದಿ ಕೂದಲೆಳೆಯಷ್ಟು ಉದ್ದವಾದರೂ, ಗುಂಡಗಿರಬೇಕಾದದ್ದು ತುಸು ಚೂಪಾದರೂ, ಅದು ತೋಟಾದ ಹಿಂಬದಿಯಲ್ಲಿರುವ, ಗುದ್ದಿದರೆ ಕಿಡಿ ಹೊತ್ತುವ ಕೇಪನ್ನು ಗುದ್ದಿ ನಿಲ್ಲುವ ಬದಲು ತೂತು ಮಾಡುತ್ತದೆ. ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದತ್ತ ನುಗ್ಗುತ್ತದೆ. ಕಾನೂನಿನ ಅಪಾಯ ಇನ್ನೂ ದೊಡ್ಡದು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಆಯುಧಗಳನ್ನು ತಯಾರಿಸುವುದಕ್ಕೂ ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು, ಮತ್ತು ಅದೇ ಕಾಯ್ದೆಯಲ್ಲಿ ಆಯುಧ ಎಂದರೆ ಆಯುಧದ ಭಾಗವೂ ಹೌದು. ಅಕ್ಷರಶಃ ಓದಿದರೆ, ನನ್ನ ಮಾತು ಕೇಳಿ ಪಿನ್ನು ಕೊರೆದುಕೊಟ್ಟ ಲೇತಿನವನು ಪರವಾನಗಿಯಿಲ್ಲದೆ ಆಯುಧ ತಯಾರಿಸಿದವನಾಗುತ್ತಾನೆ. 2019ರ ತಿದ್ದುಪಡಿಯ ನಂತರ ಆ ಅಪರಾಧಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಹೊಟ್ಟೆಪಾಡಿಗೆ ಪಂಪ್‌ಸೆಟ್ಟಿನ ಶಾಫ್ಟು ಕೊರೆಯುವವನನ್ನು ಈ ಕೇಡಿಗೆ ನೂಕಲು ನನಗೆ ಮನಸ್ಸಾಗಲಿಲ್ಲ. ತಯಾರಕರ ಅಳತೆಗೆ ಸರಿಯಾಗಿ ಮಾಡಿದ ಪಿನ್ನು ಅಲ್ಲಿ ಸಿಗುವಾಗ ಅದನ್ನೇ ತರಿಸುವುದು ನೇರ ದಾರಿಯೆಂದು ನಂಬಿದೆ.

ಇನ್ನು ಕಾನೂನಿನ ಮಾತಿಗೆ ಬರುತ್ತೇನೆ. ಆಯುಧ ಕಾಯ್ದೆಯ 2ನೇ ಕಲಂ ಆಯುಧ ಮತ್ತು ಬಂದೂಕು ಎರಡನ್ನೂ ವ್ಯಾಖ್ಯಾನಿಸುವಾಗ ಅವುಗಳ ಭಾಗಗಳನ್ನೂ ಸೇರಿಸಿಕೊಳ್ಳುತ್ತದೆ. ಸದ್ದನ್ನೋ ಬೆಂಕಿಯ ಮಿಂಚನ್ನೋ ಅಡಗಿಸುವ ಸಲಕರಣೆಯನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಭಾಗ ಎಂದರೆ ಯಾವುದು ಎಂದು ಅಲ್ಲಿ ಹೇಳಿಲ್ಲ. ನಳಿಗೆಯೂ ಭಾಗ, ಕುದುರೆಯೂ ಭಾಗ, ಮರದ ಹಿಡಿಯೂ ಭಾಗ, ಹಿಡಿಯ ತುದಿಗೆ ಬಡಿದ ರಬ್ಬರಿನ ತುಂಡೂ ಭಾಗ. 10ನೇ ಕಲಂ ಪ್ರಕಾರ ಇವುಗಳಲ್ಲಿ ಯಾವುದನ್ನೇ ಆಗಲಿ ಸಮುದ್ರ, ನೆಲ ಅಥವಾ ಆಕಾಶ ಮಾರ್ಗದಲ್ಲಿ ಭಾರತದೊಳಗೆ ತರಲು ಅಥವಾ ಹೊರಗೊಯ್ಯಲು ಪರವಾನಗಿ ಬೇಕು. ಅದೇ ಕಲಮಿನ 3ನೇ ಉಪಕಲಂ ಇನ್ನೂ ವಿಚಿತ್ರವಾಗಿದೆ: ಭಾರತದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಮುದ್ರದಲ್ಲಿ ಅಥವಾ ವಿಮಾನದಲ್ಲಿ ಒಯ್ದ ಆಯುಧವನ್ನೂ ದೇಶದಿಂದ ಹೊರಗೆ ಒಯ್ದು ಮತ್ತೆ ಒಳಗೆ ತಂದದ್ದೆಂದೇ ಅದು ಪರಿಗಣಿಸುತ್ತದೆ. ಮಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಪಂದ್ಯಕ್ಕೆ ಹೊರಟ ಶೂಟರ್ ಒಬ್ಬ ತನಗರಿವಿಲ್ಲದೆ ಒಂದು ಗಡಿ ದಾಟಿರುತ್ತಾನೆ.

ಕಲಂ ಇಲ್ಲಿಗೇ ನಿಂತಿದ್ದರೆ ಕಟ್ಟುನಿಟ್ಟಾದರೂ ಸ್ಪಷ್ಟ ಎನ್ನಬಹುದಿತ್ತು. ಆದರೆ 10ನೇ ಕಲಮಿಗೆ ಒಂದು ಪರಂತುಕ, ಅಂದರೆ ಮೂಲ ನಿಯಮಕ್ಕೆ ಅಪವಾದ ಹೇಳುವ ಮಾತು, ಇದೆ. ಈ ಕಾಯ್ದೆ ಅಥವಾ ಬೇರೆ ಕಾನೂನಿನಡಿ ಆಯುಧ ಇಟ್ಟುಕೊಳ್ಳಲು ಹಕ್ಕುಳ್ಳ, ಅಥವಾ ಇಟ್ಟುಕೊಳ್ಳಬಾರದೆಂಬ ನಿಷೇಧವಿಲ್ಲದ ವ್ಯಕ್ತಿ ತನ್ನ ಖಾಸಗಿ ಬಳಕೆಗಾಗಿ ಯುಕ್ತ ಪ್ರಮಾಣದಲ್ಲಿ ಅದನ್ನು ಪರವಾನಗಿಯಿಲ್ಲದೆಯೇ ತರಬಹುದು. ಒಂದು ಕೋವಿಗೆ ಎರಡು ಪಿನ್ನು ಯುಕ್ತವಲ್ಲವೆಂದು ಯಾರೂ ಹೇಳಲಾರರು. ಆದರೆ ಮುಂದಿನ ಉಪಕಲಮಿನಲ್ಲಿ, ಈ ಪರಂತುಕ ಪ್ರಯಾಣಿಕನಿಗೆ ಅನ್ವಯಿಸುತ್ತದೋ ಇಲ್ಲವೋ, ಪ್ರಮಾಣ ಯುಕ್ತವೋ ಅಲ್ಲವೋ ಎಂದು ಸುಂಕದ ಅಧಿಕಾರಿಗೆ ಸಂದೇಹ ಬಂದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ವಸ್ತುವನ್ನು ತಡೆಹಿಡಿಯಬಹುದೆಂದಿದೆ. ಆ ಆದೇಶ ಎಷ್ಟು ದಿನದಲ್ಲಿ ಬರಬೇಕು ಎಂಬ ಗಡುವು ಆ ಕಲಮಿನಲ್ಲಿಲ್ಲ. ನಮ್ಮ ಪಿನ್ನುಗಳ ವಿಷಯದಲ್ಲಿ ಹುಡುಗ ಊರಲ್ಲಿದ್ದ ಇಪ್ಪತ್ತಮೂರು ದಿನದಲ್ಲಿ ಆದೇಶ ಬರಲಿಲ್ಲ. ಸೀಮಾಸುಂಕ ಕಾಯ್ದೆಯ 80ನೇ ಕಲಂ ಇದ್ದದ್ದರಿಂದ ಬಚಾವಾದೆವು. ಪ್ರಯಾಣಿಕ ಸತ್ಯವಾದ ಘೋಷಣೆ ಮಾಡಿದ್ದರೆ ಅವನು ದೇಶ ಬಿಡುವಾಗ ತಡೆಹಿಡಿದ ಸಾಮಾನನ್ನು ಹಿಂದಿರುಗಿಸಲು ಅದರಲ್ಲಿ ಅವಕಾಶವಿದೆ. ಕೆಂಪು ದಾರಿಯಲ್ಲಿ ಹೋಗಿದ್ದಕ್ಕೆ ಸಿಕ್ಕ ಫಲ ಅಷ್ಟು. ಹಸಿರು ದಾರಿಯಲ್ಲಿ ನುಸುಳಿ ಸಿಕ್ಕಿಬಿದ್ದಿದ್ದರೆ 111ನೇ ಕಲಮಿನಡಿ ಮುಟ್ಟುಗೋಲು, 112ರಡಿ ದಂಡ, ಅದರ ಮೇಲೆ ಆಯುಧ ಕಾಯ್ದೆಯ 25ನೇ ಕಲಮಿನ ಮೊಕದ್ದಮೆ.

ಬಿಡಿಭಾಗಗಳ ಪ್ರಶ್ನೆ ಶಾಸನ ರಚಿಸಿದವರಿಗೆ ಹೊಳೆದಿರಲಿಲ್ಲ ಎಂದಲ್ಲ. 45ನೇ ಕಲಂ ಆಯುಧಗಳ ಸಣ್ಣ ಭಾಗಗಳನ್ನು ಪಡೆಯುವುದು, ಇಟ್ಟುಕೊಳ್ಳುವುದು ಮತ್ತು ಒಯ್ಯುವುದನ್ನು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡುತ್ತದೆ. ಆದರೆ ಒಂದು ಷರತ್ತಿದೆ: ಆ ಸಣ್ಣ ಭಾಗ, ತನ್ನ ಬಳಿ ಅಥವಾ ಇನ್ನೊಬ್ಬರ ಬಳಿ ಇರುವ ಪೂರಕ ಭಾಗಗಳೊಂದಿಗೆ ಸೇರಿಸಿ ಬಳಸಲು ಉದ್ದೇಶಿಸಿದ್ದಾಗಿರಬಾರದು. ಇದರ ಫಲ ನೋಡಿ. ಕೋವಿಯೇ ಇಲ್ಲದವನು ಮೇಜಿನ ಮೇಲೆ ಅಲಂಕಾರಕ್ಕೆಂದು ಫೈರಿಂಗ್ ಪಿನ್ನು ಇಟ್ಟುಕೊಂಡರೆ ತೊಂದರೆಯಿಲ್ಲ. ಪರವಾನಗಿ ಪಡೆದು, ಠಾಣೆಯಲ್ಲಿ ನಂಬರು ಬರೆಸಿ, ಚುನಾವಣೆ ಬಂದಾಗ ಕೋವಿಯನ್ನು ಠೇವಣಿ ಇಡಲು ಓಡಾಡುವವನು ಅದೇ ಪಿನ್ನನ್ನು ಕೋವಿಗೆ ಹಾಕಲೆಂದು ಇಟ್ಟುಕೊಂಡರೆ ವಿನಾಯಿತಿ ಹಾರಿಹೋಗುತ್ತದೆ. ಗುಟ್ಟಾಗಿ ಬಂದೂಕು ಜೋಡಿಸುವವರನ್ನು ತಡೆಯಲು ಈ ಷರತ್ತು ಬೇಕೆಂಬುದನ್ನು ಒಪ್ಪುತ್ತೇನೆ. ಪರವಾನಗಿದಾರನನ್ನೂ ಅದೇ ಸಾಲಿಗೆ ಸೇರಿಸಿದ್ದು ಉದ್ದೇಶಪೂರ್ವಕ ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ. ಅಷ್ಟೇ ಅಲ್ಲ, ಸಣ್ಣ ಭಾಗ ಎಂದರೆ ಯಾವುದೆಂದು ಇಲ್ಲಿಯೂ ಹೇಳಿಲ್ಲ, ಮತ್ತು ಪಡೆಯುವುದು, ಇಟ್ಟುಕೊಳ್ಳುವುದು, ಒಯ್ಯುವುದು ಎಂಬ ಮೂರು ಕ್ರಿಯೆಗಳ ಪಟ್ಟಿಯಲ್ಲಿ ಹೊರಗಿನಿಂದ ತರುವುದು ಇಲ್ಲ.

ಸುಂಕದ ಪಟ್ಟಿ ಇನ್ನೊಂದೇ ಭಾಷೆ ಆಡುತ್ತದೆ. ಅದರ 93ನೇ ಅಧ್ಯಾಯ ಆಯುಧಗಳದ್ದು. 9305 ಎಂಬ ಶೀರ್ಷಿಕೆಯಡಿ ಬಂದೂಕು, ಪಿಸ್ತೂಲು, ಏರ್‌ಗನ್ ಎಲ್ಲದರ ಬಿಡಿಭಾಗಗಳೂ ಬರುತ್ತವೆ. ಆದರೆ ಅಧ್ಯಾಯದ ಆರಂಭದ ಟಿಪ್ಪಣಿಯಲ್ಲಿ, ಸಾಮಾನ್ಯ ಬಳಕೆಯ ಲೋಹದ ಭಾಗಗಳು ಈ ಅಧ್ಯಾಯಕ್ಕೆ ಸೇರುವುದಿಲ್ಲವೆಂದಿದೆ. ಹಾಗಾಗಿ ಸ್ಕ್ರೂ 7318ಕ್ಕೆ ಹೋಗುತ್ತದೆ, ಸ್ಪ್ರಿಂಗು 7320ಕ್ಕೆ ಹೋಗುತ್ತದೆ, ಕೋವಿಗೆ ಜೋಡಿಸದೆ ಬಿಡಿಯಾಗಿ ಬಂದ ದೂರದರ್ಶಕ ಮಸೂರಗಳ ಲೆಕ್ಕದಲ್ಲಿ 9013ಕ್ಕೆ ಹೋಗುತ್ತದೆ. ಸುಂಕದ ದೃಷ್ಟಿಯಲ್ಲಿ ಕೋವಿಯ ಸ್ಪ್ರಿಂಗು ಆಯುಧವೇ ಅಲ್ಲ. ಆಯುಧ ಕಾಯ್ದೆಯ ದೃಷ್ಟಿಯಲ್ಲಿ ಅದು ಆಯುಧವೇ. ಇದು ಕಬ್ಬಿಣದ ಸಾಮಾನಲ್ಲವೇ ಎಂದ ಆ ಮೂರನೆಯ ಅಧಿಕಾರಿಯ ಮಾತು ಸ್ಪ್ರಿಂಗಿನ ಮಟ್ಟಿಗಾದರೂ ನಿಜವಾಗುತ್ತಿತ್ತು. ಏರ್‌ಗನ್ ಇಟ್ಟುಕೊಂಡ ಬೆಂಗಳೂರಿನ ಹುಡುಗರ ಪಾಡು ಇದಕ್ಕಿಂತ ತಮಾಷೆಯದು. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಶಕ್ತಿಯನ್ನೂ 0.177 ಅಂಗುಲದ ಬೋರನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಅದರ ಬಿಡಿಭಾಗ ಅಂಚೆಯಲ್ಲಿ ಬಂದರೆ ಮಾತ್ರ ಮಿಲಿಟರಿ ರೈಫಲಿನ ಭಾಗದ ಜೊತೆ 9305ರಲ್ಲೇ ಕೂರುತ್ತದೆ.

ಬಿಡಿಭಾಗಗಳ ಮೇಲೆ ಕಣ್ಣಿಡಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಇಡೀ ಬಂದೂಕನ್ನು ಸಾಗಿಸಲಾರದವರು ಬಿಚ್ಚಿ ಸಾಗಿಸುತ್ತಾರೆ. ನಳಿಗೆ ಒಂದು ಪಾರ್ಸೆಲಿನಲ್ಲಿ, ಬೋಲ್ಟು ಇನ್ನೊಂದರಲ್ಲಿ. 2015ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಭಯೋತ್ಪಾದಕ ದಾಳಿಗೆ ಬಳಸಿದ ಆಯುಧಗಳಲ್ಲಿ, ಬರೀ ಸದ್ದು ಮಾಡುವಂತೆ ಮಾರ್ಪಡಿಸಿ ಸ್ಲೊವಾಕಿಯಾದಲ್ಲಿ ಮಾರಿದ್ದ ಬಂದೂಕುಗಳನ್ನು ಮತ್ತೆ ಗುಂಡು ಹಾರಿಸುವಂತೆ ಮಾಡಿದವೂ ಇದ್ದವು. ಅದರ ನಂತರ ಯುರೋಪಿಯನ್ ಒಕ್ಕೂಟ 2017ರಲ್ಲಿ ತನ್ನ ನಿರ್ದೇಶನವನ್ನು ಬಿಗಿಗೊಳಿಸಿತು. ಆದರೆ ಬಿಗಿಗೊಳಿಸುವಾಗ ಪಟ್ಟಿಯನ್ನೂ ಕೊಟ್ಟಿತು: ನಳಿಗೆ, ಫ್ರೇಮು, ರಿಸೀವರ್ (ಇವೆರಡೂ ಉಳಿದ ಭಾಗಗಳು ಕೂರುವ ಒಡಲು), ಸ್ಲೈಡು, ಸಿಲಿಂಡರು, ಬೋಲ್ಟು ಅಥವಾ ಬ್ರೀಚ್ ಬ್ಲಾಕು. ಇವು ಅತ್ಯವಶ್ಯ ಭಾಗಗಳು, ಇವುಗಳಿಗೆ ಬಂದೂಕಿಗಿರುವ ನಿಯಮವೇ ಅನ್ವಯ. ಬ್ರಿಟನ್ನಿನಲ್ಲಿಯೂ 2017ರ ಶಾಸನವೊಂದು ಇಂಥದೇ ಪಟ್ಟಿಯನ್ನು ಬಂದೂಕು ಕಾಯ್ದೆಗೆ ಸೇರಿಸಿತು. ಫೈರಿಂಗ್ ಪಿನ್ನಿನ ಹೆಸರು ಅದರಲ್ಲಿಲ್ಲ. 2001ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2011ರಲ್ಲಿ ಭಾರತವೂ ಸೇರಿಕೊಂಡ ಬಂದೂಕು ಒಪ್ಪಂದವೂ ಭಾಗ ಎಂದರೆ ಬಂದೂಕಿಗಾಗಿಯೇ ರೂಪಿಸಿದ, ಅದರ ಕಾರ್ಯಾಚರಣೆಗೆ ಅತ್ಯವಶ್ಯವಾದದ್ದು ಎಂದು ಹೇಳಿ, ನಳಿಗೆಯಿಂದ ಹಿಡಿದು ಸದ್ದಡಗಿಸುವ ಸಾಧನದವರೆಗೆ ಉದಾಹರಣೆಗಳನ್ನು ಕೊಡುತ್ತದೆ. ಆ ವ್ಯಾಖ್ಯೆಯಡಿ ಫೈರಿಂಗ್ ಪಿನ್ನು ಅತ್ಯವಶ್ಯ ಭಾಗವೇ ಎಂದು ತಾವು ತೀರ್ಮಾನಿಸಿದರೂ ನನಗೆ ಬೇಸರವಿಲ್ಲ. ತೀರ್ಮಾನ ಆಗಬೇಕು, ಬರಹದಲ್ಲಿ ಇರಬೇಕು.

ವಿದೇಶದಲ್ಲಿರುವ ನಮ್ಮವರು ಮೋಸಹೋಗುವ ಜಾಗವೂ ಇದೇ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಫ್ರೇಮು ಅಥವಾ ರಿಸೀವರ್ ಎಂಬ ಒಂದು ಭಾಗವೇ ಬಂದೂಕು. ನಳಿಗೆ, ಪಿನ್ನು, ಕುದುರೆ ಇವೆಲ್ಲ ಅಂಗಡಿಯಲ್ಲಿ ಸುತ್ತಿಗೆ ಕೊಂಡಂತೆ ಕೊಳ್ಳುವ ಸಾಮಾನು. ಇಷ್ಟು ಸಲೀಸಾಗಿ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಿದವನಿಗೆ, ಅದನ್ನು ಆ ದೇಶದಿಂದ ಹೊರಗೆ ಒಯ್ಯುವುದಕ್ಕೇ ಬೇರೆ ರಫ್ತು ನಿಯಮಗಳಿವೆ, 2020ರ ಮಾರ್ಚಿನಿಂದ ಇಂಥ ಬಹುಪಾಲು ಸಾಮಾನು ಅಲ್ಲಿನ ವಾಣಿಜ್ಯ ಇಲಾಖೆಯ ಹತೋಟಿಯಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಹೊರಡುವಾಗ ಒಂದು ಕಾನೂನು ಮುರಿದು, ಇಳಿಯುವಾಗ ಇನ್ನೊಂದು ಮುರಿದು, ಎರಡೂ ಕಡೆ ತಾನು ಉಡುಗೊರೆ ಒಯ್ಯುತ್ತಿದ್ದೇನೆ ಎಂದೇ ಅವನು ತಿಳಿದಿರುತ್ತಾನೆ. ಇಲ್ಲಿ 2019ರ ತಿದ್ದುಪಡಿ ಅಕ್ರಮ ಸಾಗಣೆ ಎಂಬ ಹೊಸ ಅಪರಾಧವನ್ನು ವ್ಯಾಖ್ಯಾನಿಸಿ, ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇಟ್ಟಿದೆ. ಆಯುಧ ವ್ಯಾಪಾರಿಗಳನ್ನು ಹಿಡಿಯಲು ಅಂಥ ಕಲಂ ಬೇಕು. ಆದರೆ ಅದರಲ್ಲಿನ ಬಂದೂಕು ಎಂಬ ಪದವೂ 2ನೇ ಕಲಮಿನ ವ್ಯಾಖ್ಯೆಯನ್ನೇ ಹೊದ್ದುಕೊಂಡು ಬರುವುದರಿಂದ, ಭಾಗ ಎಂಬುದರ ಗೆರೆ ಎಲ್ಲಿ ಎಂಬ ಪ್ರಶ್ನೆಯನ್ನು ಇನ್ನು ಮುಂದೆ ಕೌಂಟರಿನ ಅಧಿಕಾರಿಯ ಊಹೆಗೆ ಬಿಡುವಂತಿಲ್ಲ.

ಕೊಡಗಿನ ಮಾತು ಬೇರೆಯಾಗಿ ಹೇಳಬೇಕು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅಂದಿನ ನಿರಾಯುಧೀಕರಣ ಕಾಯ್ದೆಯಿಂದ ಕೊಡಗಿನವರನ್ನು ಹೊರಗಿಟ್ಟಂದಿನಿಂದ ಈ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಬಂದಿದೆ. ಈಗ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಆಯುಧ ಕಾಯ್ದೆಯ 3 ಮತ್ತು 4ನೇ ಕಲಂಗಳಿಂದ ವಿನಾಯಿತಿ ಇದೆ. ತಮ್ಮ ಸಚಿವಾಲಯವೇ 2019ರ ಅಕ್ಟೋಬರಿನಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ 3 ಮತ್ತು 4ನೇ ಕಲಂಗಳು ಇಟ್ಟುಕೊಳ್ಳುವುದು ಮತ್ತು ಒಯ್ಯುವುದಕ್ಕೆ ಸಂಬಂಧಿಸಿದವು. ಗಡಿ ದಾಟಿಸುವ 10ನೇ ಕಲಂ ವಿನಾಯಿತಿಯಲ್ಲಿಲ್ಲ. ನಮ್ಮೂರ ಎಷ್ಟೋ ಮಂದಿಗೆ ಈ ವ್ಯತ್ಯಾಸ ತಿಳಿಯದು. ನಮಗೆ ಕೋವಿಗೇ ಲೈಸೆನ್ಸ್ ಬೇಡ, ಅದರ ಪಿನ್ನಿಗೆ ಯಾಕೆ ಎಂಬುದು ಕಾಫಿ ಅಂಗಡಿಯ ವಾದ. ಕೇಳಲು ಚೆನ್ನಾಗಿದೆ, ವಿಮಾನ ನಿಲ್ದಾಣದಲ್ಲಿ ನಡೆಯದು. ಹಾಗೆಂದು ಆ ವಾದ ಪೂರ್ತಿ ಪೊಳ್ಳೂ ಅಲ್ಲ. ವಿನಾಯಿತಿ ಪಡೆದವನು ಆಯುಧ ಇಟ್ಟುಕೊಳ್ಳಲು ನಿಷೇಧವಿಲ್ಲದವನೇ ಆದ್ದರಿಂದ, 10ನೇ ಕಲಮಿನ ಪರಂತುಕ ಅವನಿಗೂ ಅನ್ವಯಿಸಬೇಕೆಂಬುದು ನನ್ನ ಓದು. ಆದರೆ 1992ರ ವಿದೇಶ ವ್ಯಾಪಾರ ಕಾಯ್ದೆಯ 3ನೇ ಕಲಂ, ತನ್ನಡಿಯ ಆದೇಶದಿಂದ ನಿರ್ಬಂಧಿತವಾದ ಸರಕನ್ನೆಲ್ಲ ಸೀಮಾಸುಂಕ ಕಾಯ್ದೆಯಡಿ ನಿಷೇಧಿಸಿದ ಸರಕೆಂದೇ ಬಗೆಯುತ್ತದೆ. ಆಯುಧ ಕಾಯ್ದೆ ತೆರೆದ ಬಾಗಿಲನ್ನು ಆಮದು ನೀತಿ ಮುಚ್ಚಿದಂತಾಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಹೇಳಬಲ್ಲವರು ತಾವು ಮೂವರು ಒಟ್ಟಿಗೆ ಕುಳಿತಾಗ ಮಾತ್ರ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಯಾವ ಭಾಗಗಳಿಗೆ ಇಡೀ ಬಂದೂಕಿಗಿರುವಷ್ಟೇ ಕಟ್ಟುಪಾಡು ಎಂಬ ಮುಚ್ಚಿದ ಪಟ್ಟಿಯೊಂದನ್ನು ಗೃಹ ಸಚಿವಾಲಯ ಅಧಿಸೂಚನೆಯ ಮೂಲಕ ಹೊರಡಿಸಲಿ. ನಳಿಗೆ, ರಿಸೀವರ್, ಬೋಲ್ಟು, ಸದ್ದಡಗಿಸುವ ಸಾಧನ ಅದರಲ್ಲಿ ಇರಲೇಬೇಕು, ಅವುಗಳಿಗೆ ಯಾವ ರಿಯಾಯಿತಿಯೂ ಬೇಡ. ಉಳಿದ ಸವೆಯುವ, ಮುರಿಯುವ ಸಣ್ಣ ಭಾಗಗಳನ್ನು ಪರವಾನಗಿದಾರ ಅಥವಾ ವಿನಾಯಿತಿದಾರ ತನ್ನ ಕೋವಿಯ ನಂಬರು ನಮೂದಿಸಿ, ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಮೂಲಕ ತರಿಸಿಕೊಳ್ಳುವ ವ್ಯವಸ್ಥೆಯಾಗಲಿ. ಹಳೆಯ ಮುರಿದ ಭಾಗವನ್ನು ವ್ಯಾಪಾರಿಗೆ ಒಪ್ಪಿಸಬೇಕೆಂಬ ಷರತ್ತು ಹಾಕಿದರೂ ಸರಿಯೇ, ಇದರಿಂದ ಎಷ್ಟು ಭಾಗ ಒಳಗೆ ಬಂತು ಎಂಬ ಲೆಕ್ಕವಾದರೂ ಸರ್ಕಾರದ ಬಳಿ ಇರುತ್ತದೆ. ಈಗ ಲೇತಿನ ಮನೆಗಳಲ್ಲಿ ಹುಟ್ಟುವ ಪಿನ್ನುಗಳ ಲೆಕ್ಕ ಯಾರ ಬಳಿಯೂ ಇಲ್ಲ. ತಡೆಹಿಡಿದ ವಸ್ತುವಿನ ಬಗ್ಗೆ ಕೇಂದ್ರದ ಆದೇಶಕ್ಕೆ 30 ದಿನದ ಗಡುವು ಇರಲಿ. ಸುಂಕದ ಮಂಡಳಿ ಇದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡ ಸೇರಿದಂತೆ ಆಯಾ ಪ್ರದೇಶದ ಭಾಷೆಯಲ್ಲಿ ಅಚ್ಚು ಹಾಕಿ ಆಗಮನ ದ್ವಾರದಲ್ಲಿ ಅಂಟಿಸಲಿ. ಚಿನ್ನ ಎಷ್ಟು ಗ್ರಾಂ ತರಬಹುದೆಂದು ಹೇಳುವ ಫಲಕದ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕೀತು. 2029ರಲ್ಲಿ ಕೊಡಗಿನ ವಿನಾಯಿತಿಯ ಅವಧಿ ಮುಗಿದು ಹೊಸ ಅಧಿಸೂಚನೆ ಬರೆಯುವಾಗ, 10ನೇ ಕಲಂ ಅದರೊಳಗೋ ಹೊರಗೋ ಎಂಬುದನ್ನು ಒಂದು ಸಾಲಿನಲ್ಲಿ ಬರೆದುಬಿಡಲಿ.

ಆ ಎರಡು ಪಿನ್ನುಗಳು ಈಗ ನನ್ನ ಅಕ್ಕನ ಮಗನ ಇಂಗ್ಲೆಂಡಿನ ಮನೆಯ ಡ್ರಾಯರಿನಲ್ಲಿವೆ. ತಡೆಹಿಡಿದ ರಸೀದಿಯ ಪ್ರತಿ, ಪಿನ್ನು ಕೊಂಡ ಬಿಲ್ಲು ಮತ್ತು ನನ್ನ ಕೋವಿಯ ದಾಖಲೆ ನನ್ನಲ್ಲಿವೆ. ತಾವು ಕೇಳಿದ ದಿನ ಕಳುಹಿಸಿಕೊಡುತ್ತೇನೆ. ಅಲ್ಲಿಯವರೆಗೆ ಎಡ ನಳಿಗೆಯಲ್ಲೇ ಕೆಲಸ ನಡೆಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಕಾಫಿ ಬೆಳೆಗಾರ, ನಿವೃತ್ತ ವಕೀಲ